ಐವತ್ತೇಳರಲ್ಲಿ ಶಟಲ್

ನನ್ನ ಮೈಯಲ್ಲಿ ಮೊದಲು ವಯಸ್ಸಾದದ್ದು ಎಡಗಾಲಿನ ಹಿಮ್ಮಡಿಗೆ. ತಲೆಗೂದಲಿಗೆ ಅದಕ್ಕೂ ಮುಂಚೆಯೇ ಆಗಿತ್ತು ಅನ್ನಿ, ಆದರೆ ಕೂದಲು ಬೆಳ್ಳಗಾದರೆ ಶಟಲ್ ಆಡುವುದಕ್ಕೇನೂ ಅಡ್ಡಿಯಿಲ್ಲ. ಮೀನಖಂಡ ಸಣ್ಣದಾಗುತ್ತಾ ಇಳಿದು ಹಿಮ್ಮಡಿಯ ಮೂಳೆಗೆ ಕಚ್ಚಿಕೊಳ್ಳುತ್ತದಲ್ಲ, ಎರಡು ಬೆರಳಲ್ಲಿ ಹಿಡಿದರೆ ಗಟ್ಟಿಯಾಗಿ ಸಿಗುತ್ತದಲ್ಲ, ಅಕಿಲೀಸ್ ಟೆಂಡನ್ ಅನ್ನುತ್ತಾರೆ, ಅಲ್ಲಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟ ಕೂಡಲೇ ಹಿಡಿದುಕೊಳ್ಳುತ್ತಿತ್ತು. ಗೋಡೆ ಹಿಡಿದುಕೊಂಡು ಬಚ್ಚಲಿನ ತನಕ ಹೋಗುವಷ್ಟರಲ್ಲಿ ಸ್ವಲ್ಪ ಸಡಿಲ. ಕೋರ್ಟಿಗೆ ಇಳಿದರೆ ಮೊದಲ ಗೇಮಿನಲ್ಲಿ ನೋವು, ಎರಡನೆಯದರಲ್ಲಿ ಮಾಯ, ಮಾರನೆಯ ಬೆಳಿಗ್ಗೆ ದುಪ್ಪಟ್ಟು. ಈ ನೋವಿನ ಠಕ್ಕತನವೇ ಅದು. ಆಡುವಾಗ ಸುಮ್ಮನಿದ್ದು, ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಶಟಲ್ ನನಗೆ ಹೈಸ್ಕೂಲಿನಲ್ಲಿ ಅಂಟಿಕೊಂಡದ್ದು. ಆಗ ಹೆಂಗಸರ ಸಿಂಗಲ್ಸ್ ಅಂದರೆ 11 ಪಾಯಿಂಟಿನ ಗೇಮು, ಸರ್ವಿಸ್ ನಮ್ಮ ಕೈಯಲ್ಲಿದ್ದಾಗ ಗೆದ್ದರೆ ಮಾತ್ರ ಪಾಯಿಂಟು. 2006ರಲ್ಲಿ ಆ ಪದ್ಧತಿ ಹೋಗಿ, ಪ್ರತಿ ರ‍್ಯಾಲಿಗೂ ಪಾಯಿಂಟು ಸಿಗುವ 21ರ ಗೇಮು ಬಂತು. ಅಷ್ಟರಲ್ಲಿ ಜೊತೆಗೆ ಆಡುತ್ತಿದ್ದವರು ಮಂಡಿ, ಸೊಂಟ, ಮಕ್ಕಳ ಪರೀಕ್ಷೆ ಎಂದು ಒಬ್ಬೊಬ್ಬರಾಗಿ ಬಿಟ್ಟಿದ್ದರು. ನಾನು ಬಿಡಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಹದಿನಾರು ಗರಿಗಳ, ಐದು ಗ್ರಾಂ ಆಸುಪಾಸಿನ ಆ ಕಾಕ್ ರ‍್ಯಾಕೆಟ್ಟಿನ ಸರಿಯಾದ ಜಾಗಕ್ಕೆ ಬಿದ್ದಾಗ ‘ಟಪ್’ ಅನ್ನುವ ಒಂದು ಸದ್ದು ಬರುತ್ತದೆ. ಜಾಗ ತಪ್ಪಿದರೆ ಬೇರೆ ಸದ್ದು. ಆ ಸರಿಯಾದ ಸದ್ದು ದಿನಕ್ಕೆ ನಾಲ್ಕು ಸಲ ಕೇಳಿದರೂ ನನಗೆ ಆ ದಿನ ಸಾರ್ಥಕ. ಆರೋಗ್ಯಕ್ಕಾಗಿ ಆಡುತ್ತೇನೆ ಎಂದು ಬಂಧುಗಳ ಮುಂದೆ ಹೇಳುವುದು ಬರೀ ಮರ್ಯಾದೆಗೆ.

ಹಿಮ್ಮಡಿ ನೋವು ಎಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು: ರೆಸ್ಟ್ ಮಾಡಿ. ಮನೆಯವರು ಅಂದರು, ಕೋರ್ಟಿನ ಹುಡುಗರು ಅಂದರು, ಕೊನೆಗೆ ತೋರಿಸಿಕೊಳ್ಳಲು ಹೋದ ಡಾಕ್ಟರೂ ಅಂದರು. ಅವರು ಕಾಲನ್ನು ಮುಟ್ಟಿಯೂ ನೋಡಲಿಲ್ಲ. “ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ? ವಾಕಿಂಗ್ ಮಾಡಿ, ಸಾಕು” ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ಹೇಳಿದಂತೆಯೇ ರೆಸ್ಟ್ ಮಾಡಿದೆ. ನೋವು ಹೋಯಿತು. ಖುಷಿಯಾಗಿ ಕೋರ್ಟಿಗೆ ಹೋದೆ, ವಾರ ಕಳೆಯುವುದರೊಳಗೆ ಮೊದಲಿಗಿಂತ ಹೆಚ್ಚಾಗಿ ವಾಪಸ್ ಬಂತು. ಮತ್ತೆ ರೆಸ್ಟ್, ಮತ್ತೆ ಆಟ, ಮತ್ತೆ ನೋವು. ಪ್ರತಿ ಸುತ್ತಿಗೂ ನಾನು ತಡೆದುಕೊಳ್ಳಬಲ್ಲ ಆಟ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಬಂತು. ಮೊದಲು ಮೂರು ಗೇಮಿಗೆ ಬರುತ್ತಿದ್ದ ನೋವು ಆಮೇಲೆ ಒಂದಕ್ಕೇ ಬರತೊಡಗಿತು.

ಇದರ ಹಿಂದೆ ಇನ್ನೊಂದು ಭಯವೂ ಇತ್ತು. ಕೆಲವು ವರ್ಷಗಳ ಹಿಂದೆ ಪಕ್ಕದ ಕೋರ್ಟಿನಲ್ಲಿ ಒಬ್ಬರು ಹಿಂದಕ್ಕೆ ಸರಿದು ಟಾಸ್, ಅಂದರೆ ಎತ್ತರದ ಹೊಡೆತ, ಹೊಡೆಯಲು ಹೋದವರು, ಫಟ್ ಎಂದು ಸದ್ದಾಗಿ ಕುಸಿದರು. ಕುಸಿದವರು ಮೊದಲು ಮಾಡಿದ್ದು ಹಿಂದೆ ತಿರುಗಿ “ಯಾರು ಒದ್ದದ್ದು?” ಎಂದು ಕೇಳಿದ್ದು. ಹಿಂದೆ ಯಾರೂ ಇರಲಿಲ್ಲ. ಅಕಿಲೀಸ್ ಹರಿದರೆ ಅನುಭವ ಹೀಗೆಯೇ ಇರುತ್ತದಂತೆ, ಯಾರೋ ಒದ್ದ ಹಾಗೆ. ಹೆಚ್ಚಾಗಿ ಹೀಗಾಗುವುದು ಮೂವತ್ತರಿಂದ ಐವತ್ತರ ನಡುವಿನ ಗಂಡಸರಿಗೆ, ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಮೈದಾನಕ್ಕೆ ಇಳಿಯುವವರಿಗೆ. ನಾನು ಆ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಗೊತ್ತಿದ್ದರೂ, ಪ್ರತಿ ಸಲ ಹಿಂದಿನ ಮೂಲೆಗೆ ಓಡುವಾಗ ಆ ‘ಫಟ್’ ಕಿವಿಯಲ್ಲಿ ಇರುತ್ತಿತ್ತು.

ಕೋರ್ಟಿಗೆ ಬರುವ ಒಬ್ಬಾಕೆಯ ಒತ್ತಾಯಕ್ಕೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡೂ ಕಾಲುಗಳ ಟೆಂಡನ್ನನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೇಲಿಂದ ಕೆಳಕ್ಕೆ ಬಂದಳು. ಎಡಗಾಲಲ್ಲಿ ಹಿಮ್ಮಡಿಗಿಂತ ಎರಡು-ಮೂರು ಬೆರಳು ಮೇಲೆ ನಿಂತು ಒತ್ತಿದಳು. ಜೀವ ಹೋಯಿತು. “ಇಲ್ಲೇ ಗಂಟು ಕಟ್ಟಿದೆ, ನೀವೇ ಹಿಡಿದು ನೋಡಿ ಮೇಡಂ” ಎಂದಳು. ಹೌದು, ಬಲಗಾಲಿನದಕ್ಕಿಂತ ದಪ್ಪವಿತ್ತು. ಆಮೇಲೆ ಗೋಡೆಗೆ ಬೆರಳು ತಾಗಿಸಿಕೊಂಡು ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಲು ಹೇಳಿದಳು. ಬಲಗಾಲು ಎತ್ತುತ್ತಾ ಹೋಯಿತು. ಎಡಗಾಲು ಅದರ ಅರ್ಧಕ್ಕೇ ನಡುಗತೊಡಗಿತು, ಇನ್ನೊಂದೆರಡಕ್ಕೆ ಹಿಮ್ಮಡಿ ನೆಲ ಬಿಟ್ಟು ಮೇಲೇಳಲೇ ಇಲ್ಲ. ನೋವಿನಿಂದಲ್ಲ, ಶಕ್ತಿಯಿಲ್ಲದೆ. ಇಷ್ಟು ವರ್ಷ ಆಡಿದ ಕಾಲು!

“ರೆಸ್ಟ್ ಮಾಡಿ ಮಾಡಿ ಕಾಲಿಗೆ ಕಸುವೇ ಇಲ್ಲ” ಎಂದಳು. ಭಾರ ಬೀಳದಿದ್ದರೆ ಮೀನಖಂಡ ಸೊರಗುತ್ತದೆ, ಟೆಂಡನ್ನಿನ ತಾಳಿಕೆಯೂ ಕುಗ್ಗುತ್ತದೆ. ಆಟವೇನೋ ಅಷ್ಟೇ ಇರುತ್ತದೆ, ಹೊರುವ ಕಾಲು ಮಾತ್ರ ಸಣ್ಣದಾಗಿರುತ್ತದೆ. ಎಲ್ಲೋ ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಹೇಗೆ ಎಂದೆ. ಸ್ಟೆರಾಯ್ಡ್ ಚುಚ್ಚಿಸಿಕೊಂಡರೆ ಈ ಟೆಂಡನ್ ಹರಿಯುವ ಅಪಾಯವುಂಟು, ಆ ಕಡೆ ತಲೆ ಹಾಕಬೇಡಿ ಎಂದಳು. ಇತ್ತೀಚೆಗೆ ಯಾವ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದೀರಿ ಎಂದು ಕೇಳಿದಾಗ ನನಗೆ ಆಶ್ಚರ್ಯ. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಟೆಂಡನ್ನಿಗೆ ಆಗಿಬರುವುದಿಲ್ಲ, ಅರವತ್ತು ದಾಟಿದವರಿಗಂತೂ ಇನ್ನೂ ಅಪಾಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇದಕ್ಕೆ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಮಾತ್ರೆಯ ವಿವರಪತ್ರದಲ್ಲಿ ಹಾಕಿಸಿದೆ. ನನ್ನ ವಿಷಯದಲ್ಲಿ ಅದು ಕಾರಣವಾಗಿರಲಿಲ್ಲ. ಆದರೂ ಈಗ ಯಾವ ಡಾಕ್ಟರ ಹತ್ತಿರ ಹೋದರೂ ಆಟ ಆಡುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಮನೆಗೆ ಬಂದು ಓದಲು ಕೂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಡೆನ್ಮಾರ್ಕಿನವರ 2013ರ ಒಂದು ಸಂಶೋಧನೆ. 1950ರ ದಶಕದ ನಡುವಿನಿಂದ 1963ರ ತನಕ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಾಗಿತ್ತು. ಅದು ಆಹಾರದ ಮೂಲಕ ಎಲ್ಲರ ಮೈಗೂ ಸೇರಿತು. ದೇಹದ ಯಾವ ಭಾಗದಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಆ ಭಾಗ ಯಾವಾಗ ಕಟ್ಟಿದ್ದು ಎಂದು ಹೇಳಬಹುದು. ಹಾಗೆ ಅಳೆದು ನೋಡಿದಾಗ, ಅಕಿಲೀಸ್ ಟೆಂಡನ್ನಿನ ತಿರುಳು ಹದಿನೇಳರ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಹೆಚ್ಚುಕಮ್ಮಿ ಹೊಸದಾಗುವುದೇ ಇಲ್ಲ ಎಂದು ಕಂಡಿತು. ಚರ್ಮ ಬದಲಾಗುತ್ತದೆ, ರಕ್ತ ಬದಲಾಗುತ್ತದೆ, ಇದು ಮಾತ್ರ ಅದೇ ಹಳೆಯ ಹಗ್ಗ. ನಾನು ಲಂಗ ಎತ್ತಿ ಕಟ್ಟಿ ರ‍್ಯಾಕೆಟ್ ಹಿಡಿಯಲು ಕಲಿಯುತ್ತಿದ್ದಾಗ ಹೊಸೆದದ್ದನ್ನೇ ಇವತ್ತೂ ಜಗ್ಗುತ್ತಿದ್ದೇನೆ. ಓದಿ ಬೇಜಾರಾಗಬೇಕಿತ್ತು, ಆಗಲಿಲ್ಲ. ಹಳೆಯದು ಹೊಸದಾಗುವುದಿಲ್ಲ ನಿಜ, ಆದರೆ ಸುತ್ತಲಿನ ಪದರವೂ ಅದನ್ನು ಎಳೆಯುವ ಸ್ನಾಯುವೂ ಭಾರಕ್ಕೆ ಒಗ್ಗಿಕೊಳ್ಳುತ್ತವೆ. ಕೆಲಸ ಮಾಡಲು ಜಾಗ ಇದೆ ಅಂತಾಯಿತು.

ಆಕೆ ಹೇಳಿಕೊಟ್ಟ ವ್ಯಾಯಾಮದ ಹಿಂದೆ ಒಂದು ತಮಾಷೆಯ ಕಥೆಯಿದೆ. ಹೋಕನ್ ಆಲ್ಫ್ರೆಡ್‌ಸನ್ ಎಂಬ ಸ್ವೀಡನ್ನಿನ ಮೂಳೆ ವೈದ್ಯರಿಗೆ ಇದೇ ಹಿಮ್ಮಡಿ ನೋವು. ಆಪರೇಷನ್ ಮಾಡಿ ಎಂದು ಮೇಲಿನವರನ್ನು ಕೇಳಿಕೊಂಡರೆ, ಆಗುವುದಿಲ್ಲ ಎಂದು ಕಳಿಸಿಬಿಟ್ಟರಂತೆ. ಹಾಗಾದರೆ ಹರಿದೇ ಹೋಗಲಿ, ಆಗ ಮಾಡಲೇಬೇಕಲ್ಲ ಎಂದು, ನೋವಿದ್ದ ಕಾಲಿನ ಮೇಲೆ ಬೇಕೆಂದೇ ಭಾರ ಹಾಕಿ ಹಿಮ್ಮಡಿ ಇಳಿಸುತ್ತಾ ಹೋದರು. ಹರಿಯಲಿಲ್ಲ, ವಾಸಿಯಾಯಿತು. 1998ರಲ್ಲಿ ಹವ್ಯಾಸಿ ಆಟಗಾರರ ಒಂದು ಸಣ್ಣ ಗುಂಪಿನ ಮೇಲೆ ಅದನ್ನೇ ಪ್ರಯೋಗಿಸಿ ಪ್ರಕಟಿಸಿದರು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲಬೇಕು. ಒಳ್ಳೆಯ ಕಾಲಿನ ಸಹಾಯದಿಂದ ಮೇಲೆದ್ದು, ನೋವಿರುವ ಕಾಲೊಂದರ ಮೇಲೆಯೇ ಭಾರ ಬಿಟ್ಟು, ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗಿಳಿಯುವ ತನಕ ನಿಧಾನವಾಗಿ ಇಳಿಯಬೇಕು. ಮಂಡಿ ನೆಟ್ಟಗೆ ಇಟ್ಟುಕೊಂಡು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ ಮತ್ತೆ 15ರಂತೆ ಮೂರು ಸಲ. ಬೆಳಿಗ್ಗೆ ಒಂದಾವರ್ತಿ, ಸಂಜೆ ಒಂದಾವರ್ತಿ. ಅಲ್ಲಿಗೆ ದಿನಕ್ಕೆ 180, ಹನ್ನೆರಡು ವಾರ.

ಕಾಗದದ ಮೇಲೆ ಸುಲಭ. ಮೊದಲ ದಿನಗಳಲ್ಲಿ ಕೆಳಗಿಳಿಯುವ ಆ ಮೂರ‍್ನಾಲ್ಕು ಸೆಕೆಂಡಿನಲ್ಲಿ ಹಲ್ಲು ಕಚ್ಚಬೇಕಾಗುತ್ತಿತ್ತು. ನೋವಿರುವ ಜಾಗವನ್ನೇ ಹುಡುಕಿ ಎಳೆದ ಹಾಗೆ. ಮೂರನೆಯ ಸುತ್ತಿನ ಕೊನೆಗೆ ಮೀನಖಂಡ ತಾನೇ ತಾನಾಗಿ ಕುಣಿಯುತ್ತಿತ್ತು. ನನಗೆ ಅಡ್ಡಿಯಾದದ್ದು ನೋವಿಗಿಂತ ಹೆಚ್ಚಾಗಿ ಅದರ ನೀರಸತೆ. ಎದುರಾಳಿಯಿಲ್ಲ, ಸ್ಕೋರಿಲ್ಲ, ಸದ್ದಿಲ್ಲ. ಆಟ ಹುಟ್ಟಿದ್ದೇ ವ್ಯಾಯಾಮದ ಬೇಜಾರು ತಪ್ಪಿಸಲು ಎಂದು ನಂಬಿದವಳು ನಾನು. ಮೆಟ್ಟಿಲ ಮೇಲೆ ನಿಂತು ಗೋಡೆ ನೋಡುತ್ತಾ ಎಣಿಸುವುದು ಶಿಕ್ಷೆಯೇ ಸರಿ.

ಆದರೆ ಆಕೆಯ ಇನ್ನೊಂದು ಮಾತು ನನ್ನನ್ನು ಉಳಿಸಿತು: ಆಟ ಬಿಡಬೇಡಿ. ಇದೂ ಸ್ವೀಡನ್ನಿನದೇ, 2007ರ ಸಂಶೋಧನೆ. ಈ ನೋವಿದ್ದವರನ್ನು ಎರಡು ಗುಂಪು ಮಾಡಿ ಇಬ್ಬರಿಗೂ ಒಂದೇ ವ್ಯಾಯಾಮ ಕೊಟ್ಟರು. ಒಂದು ಗುಂಪು ಮೊದಲ ಆರು ವಾರ ಓಟ, ಜಿಗಿತ ಬಿಟ್ಟಿತು. ಇನ್ನೊಂದು ಗುಂಪು ನೋವನ್ನು ಅಳೆದುಕೊಳ್ಳುತ್ತಾ ಮುಂದುವರಿಸಿತು. ಎರಡೂ ಗುಂಪು ಸುಧಾರಿಸಿದವು, ಮುಂದುವರಿಸಿದವರಿಗೆ ಕೆಡುಕೇನೂ ಆಗಲಿಲ್ಲ. ಅಳತೆ ಸರಳ. ನೋವಿಲ್ಲ ಅಂದರೆ ಸೊನ್ನೆ, ಇದಕ್ಕಿಂತ ಹೆಚ್ಚು ಊಹಿಸಲಾರೆ ಅಂದರೆ ಹತ್ತು. ಆಡುವಾಗ ಐದರ ತನಕ ಬಂದರೂ ಪರವಾಗಿಲ್ಲ, ಮಾರನೆಯ ಬೆಳಿಗ್ಗೆಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು.

ಹೀಗೆ ನನ್ನ ಬೆಳಗಿನ ಮೊದಲ ಹೆಜ್ಜೆಗೆ ಅಂಕ ಬೀಳತೊಡಗಿತು. ಹಾಸಿಗೆ ಪಕ್ಕದ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಎರಡು ಇದ್ದರೆ ಅವತ್ತು ಆಟ ಉಂಟು, ನಾಲ್ಕಾದರೆ ಬರೀ ಮೆಟ್ಟಿಲು. ಮನೆಯವರಿಗೆ ಇದು ಹುಚ್ಚಾಟವಾಗಿ ಕಂಡಿತು. ನನಗೆ ಮಾತ್ರ ಬಿಡುಗಡೆ. ಅಲ್ಲಿಯ ತನಕ ನೋವು ಅಂದರೆ ಆಡಬೇಡ ಎಂಬ ಒಂದೇ ಮಾತಿತ್ತು. ಈಗ ಅದರೊಳಗೆ ದರ್ಜೆಗಳು ಬಂದವು, ಅದರ ಜೊತೆ ಚೌಕಾಸಿ ಮಾಡಬಹುದಾಯಿತು. ಹರಿದುಬಿಡುತ್ತದೆ ಎಂಬ ಹೆದರಿಕೆ ಕೂಡ ಆ ಅಂಕಿಗಳನ್ನು ನೋಡುತ್ತಾ ನೋಡುತ್ತಾ ಕಡಿಮೆಯಾಯಿತು.

ಹನ್ನೆರಡು ವಾರಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನನಗೆ ಅದರ ಎರಡರಷ್ಟಕ್ಕಿಂತ ಹೆಚ್ಚೇ ಹಿಡಿಯಿತು. ಮಧ್ಯೆ ಬೆನ್ನಿಗೆ ಚೀಲ ಹಾಕಿ, ಅದರಲ್ಲಿ ಪುಸ್ತಕ ತುಂಬಿ ಇಳಿಯತೊಡಗಿದೆ. ಆಮೇಲೆ ದಿನಕ್ಕೆರಡು ಸಲದ ಕಾಟ ಬಿಟ್ಟು ವಾರಕ್ಕೆ ಮೂರು ದಿನ ಜಿಮ್ಮಿನಲ್ಲಿ ಹೆಚ್ಚು ಭಾರ, ನಿಧಾನ ಗತಿ, ಕಡಿಮೆ ಎಣಿಕೆ. ಇದೂ ಅದರಷ್ಟೇ ಫಲ ಕೊಡುತ್ತದೆ, ಮಾಡುವವರಿಗೆ ಇದೇ ಹೆಚ್ಚು ಹಿಡಿಸುತ್ತದೆ ಎಂದು 2015ರಲ್ಲಿ ಡೆನ್ಮಾರ್ಕಿನಲ್ಲಿ ತೋರಿಸಿದ್ದಾರೆ. ನನಗಂತೂ ಹಿಡಿಸಿತು. ಮೊದಲ ದಿನ ಆ ಹುಡುಗರ ಮಧ್ಯೆ ನಿಂತಾಗ ಮುಜುಗರವಾಯಿತು. ಒಬ್ಬ ಬಂದು “ಆಂಟಿ, ಟ್ರೆಡ್‌ಮಿಲ್ ಆ ಕಡೆ ಇದೆ” ಎಂದು ದಾರಿ ತೋರಿಸಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ವಯಸ್ಸಾದವರು ಭಾರ ಎತ್ತಬಾರದು ಎಂದು ಅವನಿಗೆ ಯಾರೋ ಹೇಳಿರಬೇಕು. 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಸರಾಸರಿ ತೊಂಬತ್ತು ವರ್ಷದ ಹತ್ತು ಜನರಿಂದ ಎಂಟು ವಾರ ಕಾಲಿನ ಭಾರ ಎತ್ತಿಸಿದರು. ಅವರ ಶಕ್ತಿ ಸರಾಸರಿ 174 ಪ್ರತಿಶತ ಹೆಚ್ಚಾಯಿತು. ಅವರ ಮುಂದೆ ನಾನು ಎಳೆಯಳು.

ಇಲ್ಲಿ ನನಗೆ ಹೊಳೆದ ವಿಷಯವೇ ಈ ಬರಹಕ್ಕೆ ಕಾರಣ. ಚಿಕ್ಕವಳಿದ್ದಾಗ ಆಡಿ ಆಡಿಯೇ ಗಟ್ಟಿಯಾದೆ. ಬೇರೆ ವ್ಯಾಯಾಮ ಏನೂ ಮಾಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಐವತ್ತು ದಾಟಿದ ಮೇಲೆ ಅದು ತಿರುಗುಮುರುಗಾಯಿತು: ಆಡಬೇಕಾದರೆ ಮೊದಲು ಗಟ್ಟಿಯಾಗಿರಬೇಕು, ಆ ಗಟ್ಟಿತನ ಕೋರ್ಟಿನಲ್ಲಿ ಸಿಗುವುದಿಲ್ಲ. ಸ್ನಾಯುಗಳಲ್ಲಿ ಮೊದಲು ಸೊರಗುವುದು ಥಟ್ಟನೆ ಚಿಮ್ಮಲು ಬೇಕಾದ ಎಳೆಗಳು. ಶಟಲ್ ನಿಂತಿರುವುದೇ ಅವುಗಳ ಮೇಲೆ. ಗಂಟೆಗಟ್ಟಲೆ ನಡೆದರೂ ಅವು ವಾಪಸ್ ಬರುವುದಿಲ್ಲ. ಭಾರ ಎತ್ತಬೇಕು, ಅಥವಾ ಜೋರಾಗಿ ಚಿಮ್ಮಬೇಕು. ‘ವಾಕಿಂಗ್ ಮಾಡಿ, ಸಾಕು’ ಎಂದ ಡಾಕ್ಟರ ಮಾತು ನನ್ನ ಆಟದ ಮಟ್ಟಿಗೆ ಎಷ್ಟು ನಿರುಪಯೋಗಿ ಎಂದು ಆಗ ಅರ್ಥವಾಯಿತು.

ಇನ್ನೊಂದು ವಿಷಯ, ಅದನ್ನು ನನಗೆ ಯಾರೂ ಕೇಳಲೇ ಇಲ್ಲ. ಹಿಮ್ಮಡಿ ನೋವು ಶುರುವಾದದ್ದು ಮುಟ್ಟು ನಿಂತ ಆಸುಪಾಸಿನಲ್ಲಿ. ಈಸ್ಟ್ರೋಜನ್ ಇಳಿದಾಗ ಬರೀ ಮೈ ಬಿಸಿಯಾಗುವುದು, ನಿದ್ದೆಗೆಡುವುದು ಮಾತ್ರ ಅಲ್ಲ, ಟೆಂಡನ್ನು, ಸ್ನಾಯು, ಮೂಳೆ ಎಲ್ಲದರ ಮೇಲೂ ಅದರ ಪರಿಣಾಮವಿದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಸವೆಯುವ ವೇಗ ಹೆಚ್ಚು. ಗೇಮಿನ ನಡುವೆ ಇದ್ದಕ್ಕಿದ್ದಂತೆ ಕುತ್ತಿಗೆಯಿಂದ ಬೆಂಕಿ ಏರಿ, ಬೆವರು ಕಣ್ಣಿಗಿಳಿದು, ಸರ್ವಿಸ್ ಮಾಡಲಾಗದೆ ನಿಂತದ್ದುಂಟು. ಎದುರಿನವರು ಸುಸ್ತಾಯಿತೇ ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ, ಇನ್ನೇನು ಹೇಳಲಿ. ರಾತ್ರಿ ನಿದ್ದೆಯಿಲ್ಲದ ಮಾರನೆಯ ಬೆಳಿಗ್ಗೆ ಹಿಮ್ಮಡಿಯ ಅಂಕವೂ ಒಂದು ಹೆಚ್ಚು ಇರುತ್ತಿತ್ತು ಎಂದು ಕ್ಯಾಲೆಂಡರ್ ನೋಡಿದಾಗ ತಿಳಿಯಿತು. ನಲವತ್ತೈದು ದಾಟಿದ ಹೆಣ್ಣುಮಕ್ಕಳು ನೋವೆಂದು ಬಂದಾಗ ಈ ಒಂದು ಪ್ರಶ್ನೆ ಕೇಳಲು ಡಾಕ್ಟರುಗಳಿಗೆ ಏನು ಕಷ್ಟವೋ ನನಗೆ ತಿಳಿಯದು. ಮೂಳೆಗೆ ಒಳ್ಳೆಯದಾಗುವುದು ಬಡಿತ, ಭಾರ, ಜಿಗಿತ. ಅಂದರೆ ನನಗೆ ಬಿಡಲು ಹೇಳಿದ್ದೆಲ್ಲವೂ.

ಕಾಲು ಸುಧಾರಿಸಿದ ಮೇಲೂ ಆಟ ಹಳೆಯ ಆಟವಾಗಿ ಉಳಿಯಲಿಲ್ಲ. ಸಿಂಗಲ್ಸ್ ಕೋರ್ಟಿನಲ್ಲಿ ನನ್ನ ಕಡೆಯ ಜಾಗ 5.18 ಮೀಟರ್ ಅಗಲ, 6.7 ಮೀಟರ್ ಉದ್ದ. ಹತ್ತಿರ ಹತ್ತಿರ 35 ಚದರ ಮೀಟರನ್ನು ಒಬ್ಬಳೇ ಕಾಯಬೇಕು. ಡಬಲ್ಸಿನಲ್ಲಿ ಅಗಲ 6.1 ಮೀಟರ್ ಆದರೂ ಇಬ್ಬರಿರುವುದರಿಂದ ತಲೆಗೆ 20ರಷ್ಟು ಬೀಳುತ್ತದೆ. ಅಂಕಿಅಂಶ ಎಷ್ಟೇ ಬುದ್ಧಿ ಹೇಳಿದರೂ ಸಿಂಗಲ್ಸ್ ಬಿಡಲು ಮನಸ್ಸಿಗೆ ಬಹಳ ಕಾಲ ಬೇಕಾಯಿತು. ಸಿಂಗಲ್ಸಿನಲ್ಲಿ ನನಗೊಂದು ಹೊಡೆತವಿತ್ತು. ಹಿಂದಿನ ಎಡಮೂಲೆಗೆ ಬಂದ ಕಾಕನ್ನು ಬ್ಯಾಕ್‌ಹ್ಯಾಂಡಿಗೆ ಬಿಡದೆ, ಮೈಯನ್ನು ಬಾಗಿಸಿ, ತಲೆಯ ಮೇಲಿನಿಂದಲೇ ಸುತ್ತಿ ಹೊಡೆದು, ಗಾಳಿಯಲ್ಲೇ ಕಾಲು ಬದಲಿಸಿ ಎಡಗಾಲ ಮೇಲೆ ಇಳಿಯುವುದು. ಇಳಿದ ಮರುಕ್ಷಣ ಅದೇ ಕಾಲಿನಿಂದ ಮುಂದಕ್ಕೆ ಚಿಮ್ಮುವುದು. ಎಡ ಹಿಮ್ಮಡಿಯ ಮೇಲೆ ಇದಕ್ಕಿಂತ ಕೆಟ್ಟದ್ದು ಶಟಲ್‌ನಲ್ಲಿ ಇನ್ನೊಂದಿಲ್ಲ. ಆ ಹೊಡೆತವನ್ನು ಬಿಟ್ಟೆ. ಯಾರಿಗೂ ಹೇಳಲಿಲ್ಲ, ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ಇವತ್ತಿಗೂ ಆ ಮೂಲೆಗೆ ಕಾಕ್ ಎದ್ದಾಗ ಭುಜ ತಾನಾಗಿ ಮೇಲೇಳುತ್ತದೆ, ಕಾಲು ಹೋಗುವುದಿಲ್ಲ. ಇದಕ್ಕೆ ಸಮಾಧಾನ ಇದೆ ಎಂದು ಹೇಳಲಾರೆ. ಹೊಟ್ಟೆ ಉರಿಯುತ್ತದೆ, ಅಷ್ಟೇ.

ಬಿಟ್ಟದ್ದಕ್ಕೆ ಬದಲಾಗಿ ಸಿಕ್ಕಿದ್ದೂ ಇದೆ. ಕಾಲು ತಡವಾದರೆ ಕಣ್ಣು ಬೇಗ ಹೊರಡಬೇಕು. 1987ರಲ್ಲಿ ಬ್ರೂಸ್ ಅಬರ್ನೆತಿ ಮತ್ತು ಜೊತೆಗಾರರು ಶಟಲ್ ಆಟಗಾರರಿಗೆ ಹೊಡೆತಗಳ ಫಿಲ್ಮ್ ತೋರಿಸಿ, ರ‍್ಯಾಕೆಟ್ಟಿಗೆ ಕಾಕ್ ತಾಗುವ ಮೊದಲೇ ಚಿತ್ರ ಕತ್ತರಿಸಿ, ಎಲ್ಲಿ ಬೀಳುತ್ತದೆ ಹೇಳಿ ಎಂದು ಕೇಳಿದ್ದರು. ಹೊಸಬರು ರ‍್ಯಾಕೆಟ್ಟನ್ನು ಮಾತ್ರ ನೋಡಿ ಊಹಿಸುತ್ತಿದ್ದರು. ಪಳಗಿದವರು ಅದಕ್ಕೂ ಮೊದಲೇ ಹೊಡೆಯುವವರ ತೋಳನ್ನು ಓದುತ್ತಿದ್ದರು. ಇದು ವಯಸ್ಸಿನಿಂದ ಸವೆಯುವ ಸರಕಲ್ಲ. ನಮ್ಮಲ್ಲಿಗೆ ಬರುವ ಇಪ್ಪತ್ತರ ಹುಡುಗನೊಬ್ಬ ಸ್ಮ್ಯಾಶ್ ಹೊಡೆಯುವ ಮುನ್ನ ಮೊಣಕೈಯನ್ನು ಒಂದಿಷ್ಟು ಹೆಚ್ಚು ಹಿಂದಕ್ಕೆ ಎಳೆಯುತ್ತಾನೆ, ನೆಟ್ಟಿನ ಬಳಿಯೇ ಮೆಲ್ಲಗೆ ಬೀಳಿಸುವ ಡ್ರಾಪ್ ಆದರೆ ಎಳೆಯುವುದಿಲ್ಲ. ಅವನ ಮೊಣಕೈ ಸುಮ್ಮನಿದ್ದ ಕೂಡಲೇ ನಾನು ನೆಟ್ಟಿನ ಕಡೆಗೆ ಹೊರಟಿರುತ್ತೇನೆ. “ಆಂಟಿ, ನಾನು ಹೊಡೆಯೋಕೆ ಮುಂಚೆನೇ ನಿಮಗೆ ಹೆಂಗೆ ಗೊತ್ತಾಗತ್ತೆ?” ಎಂದು ಕೇಳಿದ. ಹೇಳಿಕೊಡುವಷ್ಟು ಉದಾರಿ ನಾನಲ್ಲ.

ಆದರೆ ಅದಕ್ಕೆ ಕಣ್ಣು ನೆಟ್ಟಗಿರಬೇಕಲ್ಲ. ನಲವತ್ತರ ನಂತರ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ, ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಹಾಕಿಕೊಂಡದ್ದು ಪ್ರೋಗ್ರೆಸ್ಸಿವ್ ಕನ್ನಡಕ: ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ. ಕೋರ್ಟಿನಲ್ಲಿ ಅದರ ಆಟವೇ ಬೇರೆ. ಎತ್ತರದ ಕಾಕ್ ಚೆನ್ನಾಗಿ ಕಾಣುತ್ತದೆ, ಅದು ಇಳಿಯುತ್ತಾ ನೆಟ್ಟಿನ ಪಟ್ಟಿ ದಾಟಿ ಕೆಳಗೆ ಬಂದ ಹಾಗೆ ನೋಟ ಕೆಳಗಿನ ಗಾಜಿಗೆ ಜಾರಿ, ಕಾಕ್ ಒಮ್ಮೆಲೇ ಹತ್ತಿಯಾಗುತ್ತದೆ. ನೆಟ್ಟಿನ ಬುಡದ ಹೊಡೆತಗಳನ್ನು ರ‍್ಯಾಕೆಟ್ಟಿನ ಚೌಕಟ್ಟಿಗೆ ತಾಗಿಸಿಕೊಳ್ಳುತ್ತಿದ್ದುದು ಕೈ ಕೆಟ್ಟಿದ್ದರಿಂದ ಅಲ್ಲ. ಈಗ ಆಟಕ್ಕೆಂದೇ ಬೇರೆ ಕನ್ನಡಕ ಇದೆ, ಪೂರ್ತಿ ದೂರದ ನಂಬರು, ಪಾಲಿಕಾರ್ಬೊನೇಟ್ ಗಾಜು. ಡಬಲ್ಸಿನಲ್ಲಿ ಕಣ್ಣಿಗೆ ಕಾಕ್ ಬಡಿಯುವುದು ಅಪರೂಪವೇನಲ್ಲ, ಅದಕ್ಕೂ ಆಯಿತು. ಸ್ಕೋರ್ ಬರೆದ ಚೀಟಿ ಓದಲು ಮಾತ್ರ ಪಕ್ಕದವರನ್ನು ಕರೆಯುತ್ತೇನೆ.

ಗುಂಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗರಿಷ್ಠ ಬಡಿತಕ್ಕೆ 208ರಿಂದ ವಯಸ್ಸಿನ ಹತ್ತರಲ್ಲಿ ಏಳು ಪಾಲು ಕಳೆಯಿರಿ ಎನ್ನುವ ಲೆಕ್ಕವಿದೆ. ಅದರಂತೆ ನನ್ನದು ನಿಮಿಷಕ್ಕೆ 168. ಒಮ್ಮೆ ಪರೀಕ್ಷೆ ಮಾಡಿಸಿಕೊಂಡೆ, ತೊಂದರೆಯಿಲ್ಲ ಅಂದರು. ಎದೆಯಲ್ಲಿ ಬಿಗಿತ ಬಂದರೆ ಮಾತ್ರ ಯಾವ ಅಂಕ, ಯಾವ ಚೌಕಾಸಿಯೂ ಇಲ್ಲದೆ ನಿಲ್ಲಿಸಬೇಕು. ಬದಲಾದದ್ದು ಸುಧಾರಿಸಿಕೊಳ್ಳುವ ವೇಗ. ಹಿಂದೆ ದಿನಾ ಆಡುತ್ತಿದ್ದೆ, ಈಗ ದಿನ ಬಿಟ್ಟು ದಿನ. ಬಿಟ್ಟ ದಿನ ಜಿಮ್ಮು.

ಈ ನಡುವೆ ನನ್ನ ಮೊಬೈಲಿಗೆ ಪದೇ ಪದೇ ಬರುವ ಒಂದು ಫಾರ್ವರ್ಡ್ ಇದೆ: ಶಟಲ್ ಆಡಿದರೆ ಆಯಸ್ಸು ಆರು ವರ್ಷ ಹೆಚ್ಚು! ಅದು ಪೂರ್ತಿ ಬೊಗಳೆಯಲ್ಲ. ಕೋಪನ್‌ಹೇಗನ್‌ನಲ್ಲಿ ಎಂಟೂವರೆ ಸಾವಿರ ಜನರನ್ನು 25 ವರ್ಷಗಳವರೆಗೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏನೂ ಆಡದವರಿಗಿಂತ ಟೆನಿಸ್ ಆಡುವವರು 9.7 ವರ್ಷ, ಶಟಲ್ ಆಡುವವರು 6.2 ವರ್ಷ, ಜಾಗಿಂಗ್ ಮಾಡುವವರು 3.2 ವರ್ಷ ಹೆಚ್ಚು ಬಾಳಿದ ಲೆಕ್ಕ ಬಂತು. ಆದರೆ ಶಟಲ್ ಆಡಲು ಮೈ ಗಟ್ಟಿಯಿರಬೇಕು, ಬಿಡುವು ಬೇಕು, ಕರೆಯಲು ನಾಲ್ಕು ಜನ ಬೇಕು. ಇವೆಲ್ಲ ಇದ್ದವರು ಹೇಗೂ ಹೆಚ್ಚು ದಿನ ಬದುಕುತ್ತಾರೇನೋ. ಆ ಆರು ವರ್ಷ ಸಿಕ್ಕರೂ ಅದರಲ್ಲಿ ಆಡಲು ಬಿಡದಿದ್ದರೆ ತೆಗೆದುಕೊಂಡು ಏನು ಮಾಡಲಿ?

ಈಗಿನ ಸ್ಥಿತಿ ಹೇಳಿಬಿಡುತ್ತೇನೆ. ಎಡ ಹಿಮ್ಮಡಿಯ ಗಂಟು ಹಾಗೆಯೇ ಇದೆ, ಹೋಗುವುದಿಲ್ಲವಂತೆ. ಬೆಳಗಿನ ಅಂಕ ಹೆಚ್ಚಿನ ದಿನ ಸೊನ್ನೆ ಅಥವಾ ಒಂದು. ಪ್ರವಾಸ, ಮದುವೆ ಎಂದು ಎರಡು ವಾರ ಜಿಮ್ ತಪ್ಪಿದರೆ ಮೂರಕ್ಕೆ ಏರುತ್ತದೆ. ಬಲ ಮಂಡಿ ಇತ್ತೀಚೆಗೆ ಮುಂದಕ್ಕೆ ಚಾಚಿ ಇಳಿದಾಗ ಕಟಕಟ ಅನ್ನುತ್ತಿದೆ, ನೋವಿಲ್ಲದ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ ಎಂದಿದ್ದಾಳೆ ಆ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು. ಡಬಲ್ಸಿಗೆ ನನ್ನ ಜೊತೆಗಾತಿ ಅರವತ್ಮೂರರ ಅಕ್ಕ. ನೆಟ್ಟಿನ ಹತ್ತಿರ ಅವರ ಕೈ ಇವತ್ತಿಗೂ ಹಾವಿನ ಹೆಡೆ, ಹಿಂದಕ್ಕೆ ಮಾತ್ರ ಓಡುವುದಿಲ್ಲ. ಹಿಂದಿನದೆಲ್ಲ ನನ್ನ ಪಾಲು.

ಇಬ್ಬರೂ ಸೇರಿ ಹಿರಿಯರ ಟೂರ್ನಿಗೆ ಹೆಸರು ಕೊಟ್ಟಿದ್ದೇವೆ. ಈ ಆಟದಲ್ಲಿ ಹಿರಿತನ 35ಕ್ಕೇ ಶುರು. 2003ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಆರಂಭವಾದ ಹಿರಿಯರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಐದೈದು ವರ್ಷಕ್ಕೊಂದು ವರ್ಗ, 75 ದಾಟಿದವರಿಗೂ ಇದೆ. ನಮ್ಮದು ಅಷ್ಟು ದೊಡ್ಡದಲ್ಲ, ವರ್ಗಗಳು ಮಾತ್ರ ಹಾಗೆಯೇ. ಡಬಲ್ಸಿನಲ್ಲಿ ಜೋಡಿಯ ಇಬ್ಬರೂ ವರ್ಗದ ವಯಸ್ಸು ಮುಟ್ಟಿರಬೇಕು. ಹಾಗಾಗಿ ಅಕ್ಕ ಅರವತ್ತು ದಾಟಿದ್ದರೂ ನನ್ನಿಂದಾಗಿ 55ರ ವರ್ಗದಲ್ಲಿ, ತಮಗಿಂತ ಎಂಟು ವರ್ಷ ಚಿಕ್ಕವರ ಸ್ಮ್ಯಾಶ್ ಎದುರಿಸಬೇಕು. ಫಾರ್ಮ್ ತುಂಬುವಾಗ ನನ್ನ ಹುಟ್ಟಿದ ದಿನಾಂಕ ನೋಡಿ ಅವರಿಗೆ ಸಿಟ್ಟೇ ಬಂತು. “ಇನ್ನೂ ಮೂರು ವರ್ಷ ಕಾಯಬೇಕಾ? ಬೇಗ ಅರವತ್ತು ತುಂಬಿಸ್ಕೊಳ್ಳೇ ಮಾರಾಯ್ತಿ!”